ಸೆಕೆಗಾಲದ ಮನೆಗೆ ಬರುವವರು ಯಾರು?



ಮಲೆಸೀಮೆಯಲ್ಲಿ ಬೇಸಗೆಯ ಮಾತೆತ್ತಿದರೆ ಮೊದಲು ಬರುವುದು ತೋಟದ ಚಿಂತೆ. ಕೆರೆಯಲ್ಲಿ ನೀರೆಷ್ಟು ಉಳಿದಿದೆ, ಕೊಳವೆಬಾವಿ ಎಷ್ಟು ಹೊತ್ತು ಎಳೆಯುತ್ತದೆ, ತ್ರೀಫೇಸ್ ವಿದ್ಯುತ್ತು ಹಗಲು ಬರುವುದೋ ಇರುಳು ಬರುವುದೋ ಎಂಬಿವೇ ಮಾತಿನ ವಿಷಯ. ಅಡಿಕೆಗೆ ನೀರುಣಿಸುವ ಲೆಕ್ಕವಂತೂ ಕೃಷಿಕರಿಗೆ ಬಾಯಿಪಾಠ. ಹಾಯಿಸುವ ಪದ್ಧತಿಯಲ್ಲಾದರೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್, ಏಪ್ರಿಲ್ ಮೇ ತಿಂಗಳುಗಳಲ್ಲಿ ಮೂರರಿಂದ ಐದು ದಿನಗಳಿಗೊಮ್ಮೆ. ಹನಿ ನೀರಾವರಿಯಲ್ಲಾದರೆ ದಿನಕ್ಕೆ 16ರಿಂದ 20 ಲೀಟರ್. ಇಷ್ಟು ನಿಖರವಾಗಿ ಮರದ ಬಾಯಾರಿಕೆಯನ್ನು ಬಲ್ಲ ಮನೆಯಲ್ಲಿ, ಜಗಲಿಯ ಮೇಲೆ ಕುಳಿತ ಎಂಬತ್ತು ವರ್ಷದ ಹಿರಿಯರು ನಿನ್ನೆ ಎಷ್ಟು ನೀರು ಕುಡಿದರು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಇಂದಿನ ಮಾತು ಆ ಜಗಲಿಯ ಹಿರಿಯರನ್ನು ಕುರಿತದ್ದು.

ಪುತ್ತೂರು, ಸುಳ್ಯ ಮತ್ತು ಇವೆರಡರ ಗ್ರಾಮಗಳನ್ನು ಸೇರಿಸಿ ರೂಪಿಸಿದ ಕಡಬ, ಈ ಮೂರು ತಾಲೂಕುಗಳು ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಕರಾವಳಿಗೆ ಸೇರಿವೆ. ಆದರೆ ಕಡಲು ಇಲ್ಲಿಂದ ದೂರ. ಮಂಗಳೂರಿನಿಂದ ರಸ್ತೆಯಲ್ಲಿ ಪುತ್ತೂರಿಗೆ ಸುಮಾರು 50 ಕಿಲೋಮೀಟರ್, ಸುಳ್ಯಕ್ಕೆ 80ಕ್ಕೂ ಹೆಚ್ಚು. ಮಧ್ಯಾಹ್ನ ಮಂಗಳೂರನ್ನು ತಣಿಸುವ ಕಡಲಗಾಳಿ ಇಲ್ಲಿಗೆ ತಡವಾಗಿ, ಸೋತು ಬರುತ್ತದೆ. ಕೆಲವು ದಿನ ಬರುವುದೇ ಇಲ್ಲ. ಘಟ್ಟ ಹತ್ತಿರವಿದೆಯಲ್ಲ, ತಂಪಿರಬೇಕಲ್ಲ ಎಂದು ಹೊರಗಿನವರು ಕೇಳುವುದುಂಟು. ಘಟ್ಟ ಹತ್ತಿರವಿರುವುದೇ ಒಂದು ಕಾರಣ ಎಂಬುದು ಅವರಿಗೆ ತಿಳಿಯದು. ಪುತ್ತೂರು, ಸುಳ್ಯ ಪೇಟೆಗಳ ಎತ್ತರ ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸು. ಘಟ್ಟದ ಮೇಲಿನ ಸಕಲೇಶಪುರ, ಮಡಿಕೇರಿ ಸೀಮೆಗಳು 900 ಮೀಟರಿಗೂ ಮೇಲೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೆಲವು ದಿನ ಮೂಡಣದ ಒಣಗಾಳಿ ಬಲವಾಗಿ ಘಟ್ಟವನ್ನಿಳಿದು ಬರುತ್ತದೆ. ಒಣಗಾಳಿ ನೂರು ಮೀಟರ್ ಕೆಳಗಿಳಿದರೆ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ ಎಂಬುದು ಭೌತಶಾಸ್ತ್ರದ ಸರಳ ನಿಯಮ. ಮೇಲಿನಿಂದ ಹೊರಡುವಾಗ ಹಿತವಾಗಿದ್ದ ಗಾಳಿ ಬೈಲಿಗೆ ಇಳಿಯುವಷ್ಟರಲ್ಲಿ ಒಲೆಯ ಬಾಯಿಯಿಂದ ಬಂದಂತಿರುತ್ತದೆ. ಅದೇ ಗಾಳಿ ಪಡುವಣದ ಕಡಲಗಾಳಿಯನ್ನೂ ತಡೆದು ನಿಲ್ಲಿಸುತ್ತದೆ.

ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ ಇಲಾಖೆ ಅದನ್ನು ಬಿಸಿಗಾಳಿಯೆಂದು ಘೋಷಿಸುತ್ತದೆ. ಬಯಲುಸೀಮೆಗೆ ಈ ಮಿತಿ 40 ಡಿಗ್ರಿ. 2025ರ ಫೆಬ್ರವರಿ ಕೊನೆಯ ವಾರದಲ್ಲಿ, ಕ್ಯಾಲೆಂಡರಿನಲ್ಲಿ ಇನ್ನೂ ಚಳಿಗಾಲ ಮುಗಿಯದಿರುವಾಗಲೇ, ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಮುನ್ನೆಚ್ಚರಿಕೆ ಬಂದಿತ್ತು. 1901ರಿಂದ ಇರುವ ದಾಖಲೆಯಲ್ಲಿ ದೇಶದ ಸರಾಸರಿ ಉಷ್ಣಾಂಶದ ಮಟ್ಟಿಗೆ ಅದೇ ಅತ್ಯಂತ ಬಿಸಿಯ ಫೆಬ್ರವರಿ. ಏಪ್ರಿಲ್ ಹೊತ್ತಿಗೆ ಗಾಳಿಯ ದಿಕ್ಕು ಬದಲಾಗಿ ತೇವ ಹೆಚ್ಚುತ್ತದೆ. ಆಗಿನದು ಉರಿಬಿಸಿಲಲ್ಲ, ಸೆಕೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಹೀಗೆ ಒಂದೇ ಬೇಸಗೆಯೊಳಗೆ ಎರಡು ಬೇಸಗೆಗಳಿವೆ. ಮೊದಲನೆಯದು ಒಣ ಬೇಸಗೆ; ಬೆವರು ಬಂದದ್ದೂ ತಿಳಿಯದಂತೆ ಆರಿ ಮೈಯ ನೀರು ಕಳೆದುಹೋಗುತ್ತದೆ. ಎರಡನೆಯದು ತೇವದ ಬೇಸಗೆ; ಬೆವರಿದರೂ ಮೈ ತಣಿಯುವುದಿಲ್ಲ. ಈ ಭೇದ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಈ ಮೂರು ತಾಲೂಕುಗಳ ಯಾವ ಗ್ರಾಮಕ್ಕೆ ಹೋದರೂ ಇಂಥ ಮನೆ ಒಂದಲ್ಲ, ಹಲವು ಸಿಗುತ್ತವೆ. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ಅಜ್ಜ ತೀರಿಕೊಂಡು ಕೆಲವು ವರ್ಷಗಳಾದವು. ತೋಟದ ಕೆಲಸ ವಾರಕ್ಕೆರಡು ದಿನ ಬರುವ ಆಳುಗಳ ಕೈಯಲ್ಲಿ. ಅಜ್ಜಿಗೆ ಎಪ್ಪತ್ತೆಂಟು. ಮಾರ್ಚ್ ತಿಂಗಳ ಮೊದಲ ವಾರ.

ಐದು ಗಂಟೆಗೆ ಎಚ್ಚರ. ಹಿಂದೆಲ್ಲ ಏಳುತ್ತಲೇ ಹಟ್ಟಿಗೆ ಹೋಗುವುದಿತ್ತು. ಹಾಲು ಕರೆದು, ಸೊಸೈಟಿಗೆ ನಡೆದು, ಅಲ್ಲಿ ನಾಲ್ಕು ಜನರ ಮುಖ ನೋಡಿ ಬರುವುದಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎರಡು ವರ್ಷದ ಹಿಂದೆ ದನಗಳನ್ನು ಕೊಟ್ಟಾಯಿತು; ಅವುಗಳೊಂದಿಗೆ ಆ ನಾಲ್ಕು ಮುಖಗಳೂ ಹೋದವು. ಈಗ ಕಾಫಿ ಕುಡಿದು, ದೇವರಿಗೆ ದೀಪವಿಟ್ಟು, ಬುಟ್ಟಿ ಹಿಡಿದು ಗುಡ್ಡೆಗೆ ಹೋಗುತ್ತಾರೆ. ಗೇರುಬೀಜ ಹೆಕ್ಕಲು. ಫೆಬ್ರವರಿಯಿಂದ ಮೇ ತನಕ ಗೇರಿನ ಕೊಯ್ಲು. ಅಡಿಕೆಯ ಹಣ ಮಗನ ಖಾತೆಗೆ ಹೋದರೂ ಗೇರುಬೀಜದ ಹಣ ಅಜ್ಜಿಯ ಸ್ವಂತದ್ದು. ಮೊಮ್ಮಕ್ಕಳು ಬಂದಾಗ ಕೈಗಿಡುವ ನೋಟು ಅಲ್ಲಿಂದಲೇ ಬರಬೇಕು. ಆದ್ದರಿಂದ ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಕೇಳುವವರು ಆ ಕೆಲಸದ ಬೆಲೆಯನ್ನು ಅರಿತವರಲ್ಲ. ಮುರಕಲ್ಲಿನ ಗುಡ್ಡೆ, ಮರದಿಂದ ಮರಕ್ಕೆ ನೆರಳಿಲ್ಲ. ಎಂಟೂವರೆಗೆ ಕಾಲಡಿಯ ಕಲ್ಲು ಕಾಯತೊಡಗುತ್ತದೆ. ಹತ್ತಕ್ಕೆ ಹಿಂದಿರುಗಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ.

ಆಮೇಲೆ ಅಂಗಳ. ಅಂಗಳದಲ್ಲಿ ಅಡಿಕೆ ಹರಡಿದೆ. ಚಾಲಿಯಾಗಲು ಒಂದೂವರೆ ತಿಂಗಳ ಬಿಸಿಲು ಬೇಕು, ನಡುನಡುವೆ ಮಗುಚಬೇಕು. ಅದು ಆಳುಗಳ ಕೆಲಸವಾದರೂ ಆಳು ಬಾರದ ದಿನ ಅಡಿಕೆ ಹಾಗೇ ಬಿದ್ದಿರುವುದನ್ನು ನೋಡಿಕೊಂಡು ಅಜ್ಜಿ ಸುಮ್ಮನಿರಲಾರರು. ಹನ್ನೆರಡಕ್ಕೆ ಒಲೆ. ಒಬ್ಬರಿಗಾಗಿ ಅಡುಗೆ ಮಾಡುವುದೆಂದರೆ ಬೇಸರ. ಒಂದು ತಂಬುಳಿ, ಒಂದು ಹಿಡಿ ಅನ್ನ. ಮಧ್ಯಾಹ್ನ ಎರಡರಿಂದ ನಾಲ್ಕು, ನೆಲದ ಮೇಲೆ ಸೀರೆಯ ಸೆರಗು ಹಾಸಿ ಮಲಗುವ ಹೊತ್ತು. ವಿದ್ಯುತ್ತಿದ್ದರೆ ಫ್ಯಾನು, ಇಲ್ಲವಾದರೆ ಹಾಳೆಯ ಬೀಸಣಿಗೆ. ನಾಲ್ಕೂವರೆಗೆ ಚಹಾ. ಸಂಜೆ ಪಂಪಿನ ಸದ್ದು ಕೇಳುತ್ತದೆಯೋ ಇಲ್ಲವೋ ಎಂದು ಕಿವಿಗೊಡುವುದು. ಎಂಟು ಗಂಟೆಗೆ ಮಗನ ಫೋನು. “ಊಟ ಆಯಿತಾ ಅಮ್ಮಾ?” “ಆಯಿತು.” “ಸೆಕೆ ಉಂಟಾ?” “ಇದ್ದದ್ದೇ ಅಲ್ವಾ ಮಗಾ.” ಅಲ್ಲಿಗೆ ದಿನ ಮುಗಿಯಿತು.

ಈ ದಿನದಲ್ಲಿ ದೂರಲು ಏನೂ ಇಲ್ಲ; ಅಜ್ಜಿ ಸುಖಿಯೆಂದೇ ಹೇಳಬೇಕು. ಆದರೆ ಬೆಳಗಿನಿಂದ ಇರುಳಿನವರೆಗೆ ಕುಡಿದದ್ದನ್ನು ಕೂಡಿಸಿ ನೋಡಿ. ಒಂದು ಲೋಟ ಕಾಫಿ, ಗಂಜಿಯ ತಿಳಿ, ಊಟಕ್ಕೆ ಮಜ್ಜಿಗೆ, ಸಂಜೆಯ ಚಹಾ. ಎಲ್ಲ ಸೇರಿ ಒಂದು ಲೀಟರನ್ನು ದಾಟಲಿಕ್ಕಿಲ್ಲ. ನೀರಿಲ್ಲವೆಂದಲ್ಲ, ಬಾಯಾರಿಕೆಯಾಗಲಿಲ್ಲ ಎಂಬುದೇ ಕಾರಣ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮೊಂಡಾಗುತ್ತದೆ. ಮೈಗೆ ನೀರು ಬೇಕಾಗಿರುತ್ತದೆ. ಬೇಕೆಂಬ ಸುದ್ದಿ ಮಾತ್ರ ನಾಲಿಗೆಗೆ ತಲುಪುವುದಿಲ್ಲ. ಬೆವರುವ ಶಕ್ತಿಯೂ ಕುಗ್ಗುತ್ತದೆ. ಮೈಯ ಬಿಸಿಯನ್ನು ಹೊರಹಾಕಲು ಹೃದಯ ಚರ್ಮದತ್ತ ಹೆಚ್ಚು ರಕ್ತವನ್ನು ತಳ್ಳಬೇಕು. ಹಳೆಯ ಹೃದಯಕ್ಕೆ ಅದು ಭಾರದ ಕೆಲಸ. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸಿ ನೀರನ್ನು ಹೊರಹಾಕುತ್ತವೆ. ಅವನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು; ಬೇಸಗೆಗೆ ಮೊದಲು ವೈದ್ಯರಲ್ಲಿ ಒಮ್ಮೆ ಕೇಳಿಕೊಳ್ಳಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯವರಿಗೆ ಎಷ್ಟು ನೀರು ಎಂಬುದನ್ನೂ ಅವರೇ ಹೇಳಬೇಕು.

ಇನ್ನೊಂದು ಸಂಗತಿಯಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಳೆಯ ಮನೆಗಳಲ್ಲಿ ಶೌಚಾಲಯ ಅಂಗಳದಾಚೆ ಇದೆ. ಇರುಳು ಟಾರ್ಚು ಹಿಡಿದು, ಮೆಟ್ಟಿಲಿಳಿದು ಹೋಗಬೇಕು. ಬೀಳುವ ಹೆದರಿಕೆ, ಹಾವಿನ ಹೆದರಿಕೆ. ಆದ್ದರಿಂದ ಅಜ್ಜಿಯರು ಸಂಜೆಯ ಮೇಲೆ ನೀರನ್ನು ಬೇಕೆಂದೇ ಕಡಿಮೆ ಮಾಡುತ್ತಾರೆ. ನೀರು ಕುಡಿಯಿರಿ ಎಂದು ಹತ್ತು ಕರಪತ್ರ ಹಂಚುವುದಕ್ಕಿಂತ ಜಗಲಿಯಿಂದ ಶೌಚಾಲಯದ ತನಕ ಒಂದು ದೀಪ, ಒಂದು ಹಿಡಿಕೆಯ ಸಲಾಕೆ ಹಾಕಿಸಿಕೊಟ್ಟರೆ ಹೆಚ್ಚು ಪ್ರಯೋಜನ.

ಈಗ ಅದೇ ಮನೆ, ಅದೇ ಮಾರ್ಚ್ ತಿಂಗಳು. ಬೆಳಿಗ್ಗೆ ಹತ್ತೂವರೆಗೆ ಒಬ್ಬರು ನೆಂಟರು ಬಂದರು ಎಂದಿಟ್ಟುಕೊಳ್ಳಿ. ಈ ಸೀಮೆಯ ಪದ್ಧತಿ ಎಲ್ಲರಿಗೂ ಗೊತ್ತಿದೆ. ಬಂದವರು ಯಾರೇ ಇರಲಿ, ಏಕೆ ಬಂದಿರಿ ಎಂದು ಕೇಳುವ ಮೊದಲು ಆಸರಿಗೆ ಏನಾಗಬೇಕು ಎಂದು ಕೇಳುತ್ತಾರೆ. ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೆಂಬು ನೀರು. ತುಳು ಮನೆಯಾಗಲಿ, ಅರೆಭಾಷೆಯ ಗೌಡರ ಮನೆಯಾಗಲಿ, ಹವ್ಯಕರ ಮನೆಯಾಗಲಿ, ಮಾತು ಬೇರೆಯಾದರೂ ಬೆಲ್ಲ ನೀರು ಒಂದೇ. ಆಮೇಲೆ ಪುನರ್ಪುಳಿಯ ಶರಬತ್ತೋ, ಮಜ್ಜಿಗೆಯೋ, ಎಳನೀರೋ. ಬಂದವರೊಬ್ಬರಿಗೇ ಕೊಟ್ಟು ತಾನು ಸುಮ್ಮನೆ ಕೂರುವುದು ಸರಿಯಲ್ಲವೆಂದು ಅಜ್ಜಿಯೂ ಒಂದು ಲೋಟ ಕುಡಿಯುತ್ತಾರೆ. ಮಾತು ಬೆಳೆಯುತ್ತದೆ. ಅಂಗಳದ ಅಡಿಕೆ ಮಗುಚುವುದು ಮರೆತುಹೋಗುತ್ತದೆ. ಹತ್ತೂವರೆಯಿಂದ ಹನ್ನೆರಡರ ತನಕ, ಬಿಸಿಲಲ್ಲಿರಬೇಕಾಗಿದ್ದವರು ಜಗಲಿಯ ನೆರಳಲ್ಲಿ ಕುಳಿತಿರುತ್ತಾರೆ. ಬಂದವರು ಹೋಗುವ ಮೊದಲು ಮತ್ತೊಂದು ಲೋಟ. ಯಾರೂ ಆರೋಗ್ಯದ ಉಪದೇಶ ಮಾಡಲಿಲ್ಲ, ಬಾಯಾರಿಕೆಯೂ ಆಗಿರಲಿಲ್ಲ. ಆದರೂ ಅರ್ಧ ಲೀಟರು ನೀರು ಹೊಟ್ಟೆ ಸೇರಿತು.

ಇದನ್ನು ಕೇವಲ ಸತ್ಕಾರದ ಸೊಬಗೆಂದು ಹೇಳುವುದಲ್ಲ. 1995ರ ಜುಲೈಯಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ ವಾಡಿಕೆಗಿಂತ 700ಕ್ಕೂ ಹೆಚ್ಚು ಮಂದಿ ಅಧಿಕವಾಗಿ ಸತ್ತರು. ಬಹುಪಾಲು ವೃದ್ಧರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಈ ಸಾವುಗಳನ್ನು ಕುರಿತು ಬರೆದ ಗ್ರಂಥ 2002ರಲ್ಲಿ ಪ್ರಕಟವಾಯಿತು. ಅವರು ನೋಡಿದ್ದು ಅಕ್ಕಪಕ್ಕದ ಎರಡು ಬಡಾವಣೆಗಳನ್ನು. ಎರಡೂ ಕಡೆ ಬಡತನವಿತ್ತು, ಒಂಟಿ ವೃದ್ಧರಿದ್ದರು, ಬಿಸಿಲಂತೂ ಒಂದೇ. ಆದರೆ ಒಂದು ಕಡೆ ಸಾವುಗಳ ಪ್ರಮಾಣ ಬಹಳ ಹೆಚ್ಚು, ಇನ್ನೊಂದು ಕಡೆ ತೀರ ಕಡಿಮೆ. ಕಡಿಮೆಯಿದ್ದ ಕಡೆ ಬೀದಿಯಲ್ಲಿ ಅಂಗಡಿಗಳಿದ್ದವು, ಜನರ ಓಡಾಟವಿತ್ತು, ವೃದ್ಧರು ಮನೆಯಿಂದ ಹೊರಬರುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇನ್ನೊಂದು ಕಡೆ ಅಂಗಡಿ ಮುಚ್ಚಿ, ನೆರೆಹೊರೆ ಖಾಲಿಯಾಗಿ, ಇದ್ದವರು ಬಾಗಿಲು ಹಾಕಿಕೊಂಡಿದ್ದರು. 2021ರ ಜೂನ್ ಕೊನೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಬಿಸಿಗೆ 619 ಮಂದಿ ಸತ್ತಾಗಲೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಂಟಿಯಾಗಿ ಬದುಕುತ್ತಿದ್ದವರು. ಹೆಚ್ಚುಕಡಿಮೆ ಎಲ್ಲರೂ ಸತ್ತದ್ದು ಬಯಲಲ್ಲಲ್ಲ, ಮನೆಯೊಳಗೆ.

ದೂರದ ನಗರಗಳ ಈ ಕಥೆ ಮಲೆಸೀಮೆಗೆ ಏಕೆ ಎಂದು ಕೇಳಬಹುದು. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗೆ ಮನೆ ತಾಗಿ ಕೇರಿಯಿರುತ್ತದೆ. ಒಂದು ಬಾಗಿಲು ತೆರೆಯದಿದ್ದರೆ ಎದುರು ಬಾಗಿಲಿಗೆ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಒಂದೊಂದು ಬೈಲಿಗೆ ಒಂದೆರಡು ಮನೆ. ನಡುವೆ ತೋಟ, ತೋಡು, ಗುಡ್ಡೆ. ಪಕ್ಕದ ಮನೆಗೆ ಕೂಗಿದರೆ ಕೇಳುವುದಿಲ್ಲ. ದಾರಿಹೋಕರು ಇಲ್ಲಿಲ್ಲ, ಬರಬೇಕೆಂದು ಹೊರಟವರು ಮಾತ್ರ ಬರುತ್ತಾರೆ. ಒಂದು ಕಾಲದಲ್ಲಿ ಈ ಮನೆಗಳನ್ನು ಲೋಕದಿಂದ ಕಡಿದುಹಾಕುತ್ತಿದ್ದುದು ಮಳೆಗಾಲ. ಹೊಳೆ ತುಂಬಿದರೆ ಆಚೆ ದಡದವರು ಆಚೆ, ಈಚೆಯವರು ಈಚೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದ ಮೇಲೆ, ಅಂಥವೇ ಹಲವಾರು ಸೇತುವೆಗಳು ಆ ಕಷ್ಟವನ್ನು ನೀಗಿದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ಸೇತುವೆಯಿದೆ, ಅಂಗಳದ ತನಕ ಕಾಂಕ್ರೀಟು ರಸ್ತೆಯಿದೆ. ಹೊಳೆಯಲ್ಲಿ ಮೊಣಕಾಲುದ್ದ ನೀರೂ ಇಲ್ಲದ ಮಾರ್ಚ್ ತಿಂಗಳಲ್ಲಿ ಮನೆ ದ್ವೀಪವಾಗುತ್ತದೆ.

ಏಕೆ ಮಾರ್ಚ್ ತಿಂಗಳಲ್ಲಿ? ನೆಂಟರು ಬರುವ ಕಾಲವನ್ನು ನೋಡಿದರೆ ತಿಳಿಯುತ್ತದೆ. ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್ ಎರಡನೆಯ ವಾರದಲ್ಲಿ. ಏಪ್ರಿಲ್ 10ರಂದು ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಧ್ವಜವೇರುತ್ತದೆ, 17ರಂದು ಬ್ರಹ್ಮರಥ. ನಡುವೆ ಬಿಸು. ಕಣಿಯಿಟ್ಟು, ಹಿರಿಯರ ಕಾಲಿಗೆರಗಿ, ಆಶೀರ್ವಾದ ಬೇಡುವ ಹಬ್ಬ. ಅಲ್ಲಿಂದ ಪತ್ತನಾಜೆಯ ತನಕ, ಅಂದರೆ ಮೇ ಕೊನೆಯ ವಾರದ ತನಕ, ಕೋಲ, ನೇಮ, ಮದುವೆ, ಉಪನಯನಗಳ ಸಾಲು. ಮನೆ ತುಂಬಿರುತ್ತದೆ. ಹಲಸಿನಕಾಯಿ ಬಿಡಿಸಿ, ಅರೆದು, ಹಪ್ಪಳ ತಟ್ಟುವಾಗ ಅಜ್ಜಿಯ ಸುತ್ತ ಐದಾರು ಮಕ್ಕಳು. ಚಾಪೆಯ ಮೇಲಿನ ಹಪ್ಪಳಕ್ಕೆ ಕಾಗೆ ಕಾಯುವ ಕೆಲಸ ಮೊಮ್ಮಗನದು. ಹಿಟ್ಟನ್ನೇ ಕದ್ದು ತಿನ್ನುವ ಕೆಲಸವೂ ಅವನದೇ. ಸಂಜೆ ಸಿಡಿಲುಮಳೆ ಬಂದರೆ ಎಲ್ಲರೂ ಸೇರಿ ಅಂಗಳದ ಅಡಿಕೆ ಒಳಗೆ ಹಾಕುತ್ತಾರೆ. ಆ ಆರು ವಾರಗಳಲ್ಲಿ ಸೆಕೆ ಎಷ್ಟಿದ್ದರೂ ಅಜ್ಜಿಯನ್ನು ನೋಡುವ ಕಣ್ಣುಗಳು ಮನೆಯಲ್ಲಿವೆ.

ಆದರೆ ಒಣ ಬೇಸಗೆ ಶುರುವಾಗುವುದು ಫೆಬ್ರವರಿಯ ಕೊನೆಗೆ. ಮಾರ್ಚ್ ತಿಂಗಳೆಂದರೆ ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಇರುವ ಮನೆಯಿಂದ ಯಾರೂ ಹೊರಡುವುದಿಲ್ಲ; ಪಿಯುಸಿ ಇದ್ದರಂತೂ ಅಜ್ಜಿಯ ಮನೆಯ ಮಾತೇ ಇಲ್ಲ. ಪೇಟೆಯ ಕಚೇರಿಗಳಿಗೆ ಮಾರ್ಚ್ ಎಂದರೆ ಲೆಕ್ಕ ಮುಗಿಸುವ ತಿಂಗಳು. ಹೀಗೆ ಬಿಸಿಲಿನ ಪಂಚಾಂಗವೂ ನೆಂಟರ ಪಂಚಾಂಗವೂ ಒಂದಕ್ಕೊಂದು ಕೂಡಿಬರುತ್ತಿಲ್ಲ. ನಡುವೆ ಆರೇಳು ವಾರಗಳ ತೆರಪು. ಈ ತೆರಪು ಅಪಾಯದ್ದು. ಬಿಸಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಮೊದಲ ಬಿಸಿಗಾಳಿ ಬೀಸುವಾಗ ಯಾರ ಮೈಯೂ ಒಗ್ಗಿರುವುದಿಲ್ಲ. ಮೇ ತಿಂಗಳ 36 ಡಿಗ್ರಿಗಿಂತ ಫೆಬ್ರವರಿಯ 36 ಡಿಗ್ರಿ ಹಿರಿಯರಿಗೆ ಹೆಚ್ಚು ಕಠಿಣ. 2003ರ ಆಗಸ್ಟಿನಲ್ಲಿ ಫ್ರಾನ್ಸ್ ದೇಶದಲ್ಲಿ ಬಿಸಿಗೆ ಸುಮಾರು 15,000 ಮಂದಿ ಸತ್ತರು. ಬಹುತೇಕ 75 ದಾಟಿದವರು. ಆಗಸ್ಟ್ ಅಲ್ಲಿಯ ರಜೆಯ ತಿಂಗಳು. ಮಕ್ಕಳು ಪ್ರವಾಸ ಹೋಗಿದ್ದರು, ವೈದ್ಯರಲ್ಲೂ ಹಲವರು ರಜೆಯಲ್ಲಿದ್ದರು, ನಗರದ ಮನೆಗಳಲ್ಲಿ ವೃದ್ಧರಷ್ಟೇ ಉಳಿದಿದ್ದರು. ಅಲ್ಲಿ ರಜೆಯಿಂದಾದ ತೆರಪು ಇಲ್ಲಿ ಪರೀಕ್ಷೆಯಿಂದ ಆಗುತ್ತಿದೆ.

ಈ ಮಾತಿಗೆ ಇನ್ನೊಂದು ಮುಖವೂ ಇದೆ. ಸುಳ್ಯ, ಕಡಬದ ಕಾಡಂಚಿನ ರಬ್ಬರ್ ತೋಟಗಳಲ್ಲಿ ತಮಿಳು ಮಾತನಾಡುವ ಕುಟುಂಬಗಳಿವೆ. 1964ರ ಶ್ರೀಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದವರಿಗಾಗಿ ಅರಣ್ಯ ಅಭಿವೃದ್ಧಿ ನಿಗಮ ಬೆಳೆಸಿದ ತೋಟಗಳಿವು. ಆಗ ಯುವಕರಾಗಿ ಬಂದು ಹಾಲು ತೆಗೆಯಲು ನಿಂತವರು ಈಗ ಅಜ್ಜ ಅಜ್ಜಿಯರು. ರಬ್ಬರ್ ಮರ ವರ್ಷದ ಆರಂಭದಲ್ಲಿ ಎಲೆ ಉದುರಿಸುತ್ತದೆ. ಹೊಸ ಎಲೆ ತುಂಬುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಮನೆಗಳು ಚಿಕ್ಕವು, ಮಾಡು ತಗ್ಗು. ಬಿಸಿಯ ಲೆಕ್ಕದಲ್ಲಿ ತೋಟದ ಮನೆಯ ಅಜ್ಜಿಗಿಂತ ಕಾಲೊನಿಯ ಅಜ್ಜಿಯ ಸ್ಥಿತಿ ಕಷ್ಟದ್ದು. ಆದರೆ ಅಲ್ಲಿ ಗೋಡೆಗೆ ಗೋಡೆ ಹತ್ತಿರ. ನಲ್ಲಿಯ ಬಳಿ ಕಾಣದಿದ್ದರೆ, ಎಲ್ಲಿ ಪಾಟಿ ಎಂದು ಯಾರಾದರೂ ಬಾಗಿಲು ತಟ್ಟುತ್ತಾರೆ. ಎಂಟು ಕೋಣೆಯ ಹೆಂಚಿನ ಮನೆಗೆ ಇಲ್ಲದ ಈ ಭದ್ರತೆಯನ್ನು ಕಡಿಮೆಯೆಂದು ಎಣಿಸಬಾರದು. ಹಾಗೆಂದು ಅಲ್ಲಿಯ ಮಾಡನ್ನು ಸರಿಪಡಿಸಬೇಕಾದ ಹೊಣೆಯಿಂದ ಯಾರೂ ಜಾರಿಕೊಳ್ಳಬಾರದು.

ನೆಂಟರು ಬಂದರೆ ಎಲ್ಲವೂ ಒಳಿತೇ ಎಂದು ತಿಳಿಯುವುದೂ ತಪ್ಪು. ಹನ್ನೆರಡು ಗಂಟೆಗೆ ನಾಲ್ಕು ಮಂದಿ ಕಾರಿನಿಂದಿಳಿದರೆ ಏನಾಗುತ್ತದೆ? ಊಟ ಮಾಡದೆ ಕಳಿಸುವುದು ಮನೆತನಕ್ಕೆ ಒಪ್ಪುವ ಮಾತಲ್ಲ. ಅಜ್ಜಿ ಸೆರಗು ಬಿಗಿದು ಒಲೆಯ ಮುಂದೆ ನಿಲ್ಲುತ್ತಾರೆ. ಹೊರಗೆ 37 ಡಿಗ್ರಿ. ಸೌದೆ ಒಲೆಯ ಮುಂದೆ ಎಷ್ಟೆಂದು ಅಳೆದವರಿಲ್ಲ. ಒಂದೂವರೆ ಗಂಟೆಯಲ್ಲಿ ಸಾಂಬಾರು, ಪಲ್ಯ, ಪಾಯಸ. ನೆಂಟರು ಜಗಲಿಯಲ್ಲಿ ಫ್ಯಾನಿನಡಿ ಕುಳಿತು, ಹಳ್ಳಿ ಎಷ್ಟು ತಂಪು ಎನ್ನುತ್ತಾರೆ. ಇಂಥ ಭೇಟಿಯಿಂದ ಅಜ್ಜಿಗೆ ಸಂತೋಷವಾಗುವುದು ನಿಜ, ಮೈಗೆ ದಣಿವಾಗುವುದೂ ನಿಜ. ಸೆಕೆಗಾಲದಲ್ಲಿ ಬರುವವರು ಬೆಳಿಗ್ಗೆ ಹತ್ತಕ್ಕೆ ಮೊದಲು ಅಥವಾ ಸಂಜೆ ನಾಲ್ಕರ ಮೇಲೆ ಬರಲಿ. ಊಟದ ಹೊತ್ತಿಗೆ ಬರುವುದಾದರೆ ಬುತ್ತಿ ಕಟ್ಟಿಕೊಂಡು ಬರಲಿ. ಹಾಗೆ ತಂದರೆ ಅಜ್ಜಿಗೆ ಅವಮಾನವಾಗುತ್ತದೆಯಲ್ಲ ಎನ್ನುವವರಿದ್ದಾರೆ. ಮೊದಲ ಸಲ ಆಗಬಹುದು. ಇದನ್ನು ನಿಮಗೇ ಎಂದು ಮಾಡಿ ತಂದೆ, ಅಜ್ಜಿಯ ಕೈಯ ಮಜ್ಜಿಗೆ ಸಾಕು ಎಂದು ಹೇಳುವ ಜಾಣ್ಮೆ ಮೊಮ್ಮಕ್ಕಳಿಗಿದೆ.

ಮನೆಯ ರಚನೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮಣ್ಣಿನ ಗೋಡೆ, ಹೆಂಚಿನ ಮಾಡು, ಅಟ್ಟ, ಅಂಗಳಕ್ಕೆ ಸೋಗೆಯ ಚಪ್ಪರ ಇದ್ದ ಮನೆ ಹಗಲಿನ ಬಿಸಿಯನ್ನು ಹೊರಗೇ ತಡೆದು, ಒಳಗೆ ಬಂದದ್ದನ್ನು ಹೆಂಚಿನ ಸಂದಿಯಿಂದ ಬಿಟ್ಟುಬಿಡುತ್ತಿತ್ತು. ತಾರಸಿ ಮನೆ ಹಗಲು ಕಾದು ಇರುಳು ಆ ಬಿಸಿಯನ್ನು ಮಲಗಿದವರ ಮೇಲೆ ಇಳಿಸುತ್ತದೆ. ಅಡಿಕೆ ಒಣಗಿಸಲೆಂದು ತಾರಸಿಯ ಮೇಲೆ ಹಾಕಿಸುವ ಶೀಟಿನ ಮಾಡು ಅರಿವಿಲ್ಲದೆ ಒಂದು ಉಪಕಾರ ಮಾಡಿದೆ: ನಡುವೆ ಗಾಳಿ ಆಡುವಂತಿದ್ದರೆ ತಾರಸಿಗೆ ಅದೇ ಕೊಡೆ. ಹಳೆಯ ಮನೆಯನ್ನು ಕೆಡವಿ ಅಪ್ಪ ಅಮ್ಮನಿಗೆ ಸುಖವಾಗಲಿ ಎಂದು ಹೊಸದು ಕಟ್ಟಿಸುವ ಮಕ್ಕಳು ಹಿರಿಯರ ಕೋಣೆಯನ್ನು ಪಡುವಣಕ್ಕಿಡದಿದ್ದರೆ ಸಾಕು.

ಇನ್ನು ವಿದ್ಯಾರ್ಥಿಗಳಿಗೆ ಕೆಲವು ಮಾತು. ಫೆಬ್ರವರಿ ಮೂರನೆಯ ವಾರದೊಳಗೆ ಪ್ರತಿಯೊಂದು ಬೈಲಿನಲ್ಲಿ ಒಂಟಿಯಾಗಿರುವ ಹಿರಿಯರ ಮನೆ ಎಷ್ಟೆಂದು ಬರೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಒಂದು ಗ್ರಾಮಕ್ಕೆ ಒಂದು ನೋಟುಪುಸ್ತಕದ ನಾಲ್ಕು ಪುಟ ಸಾಕು. ಆ ಮನೆಯ ಹತ್ತಿರ ದಿನವೂ ಹಾದುಹೋಗುವವರು ಯಾರು ಎಂದು ಎದುರಿಗೆ ಬರೆಯಿರಿ. ಹಾಲು ಕೊಂಡೊಯ್ಯುವವರು, ಪತ್ರಿಕೆ ಹಾಕುವ ಹುಡುಗ, ಆಶಾ ಕಾರ್ಯಕರ್ತೆ, ಅಡಿಕೆ ಕೊಯ್ಯಲು ಬರುವವರು. ಪರೀಕ್ಷೆಯ ದಿನಗಳಲ್ಲೂ ಹತ್ತು ನಿಮಿಷ ಯಾರಿಗೂ ಇಲ್ಲದಿಲ್ಲ. ಹೋದಾಗ ಕೇಳಬೇಕಾದುದು ಊಟವಾಯಿತೇ ಎಂದಲ್ಲ. ಅದಕ್ಕೆ ಎಂದೂ ಒಂದೇ ಉತ್ತರ. ಬೆಳಿಗ್ಗೆ ತುಂಬಿಸಿಟ್ಟ ಮಣ್ಣಿನ ಹೂಜಿಯಲ್ಲಿ ಈಗ ನೀರೆಷ್ಟಿದೆ ಎಂದು ಮುಚ್ಚಳ ತೆಗೆದು ನೋಡಿ. ತುಂಬಿದ್ದು ತುಂಬಿದ ಹಾಗೇ ಇದ್ದರೆ ಎರಡು ಲೋಟ ತುಂಬಿಸಿ, ಒಂದನ್ನು ನೀವು ಕುಡಿಯಿರಿ. ಗುಡ್ಡೆಗೆ ಗೇರುಬೀಜ ಹೆಕ್ಕಲು ಹೊರಟಿದ್ದರೆ ಬೇಡವೆನ್ನಬೇಡಿ, ಎಂಟಕ್ಕೆ ಮೊದಲು ಮುಗಿಸಲು ಕೈಜೋಡಿಸಿ. ಉದುರಿದ ಬೀಜ ಒಣ ಹವೆಯಲ್ಲಿ ಮರುದಿನದ ತನಕ ಕೆಡದೆ ಕಾಯುತ್ತದೆ. ನೆರೆಮನೆಯ ದನ ಕಾಯುವುದಿಲ್ಲ ಎಂದು ಅಜ್ಜಿ ಹೇಳಿದರೆ ಅದಕ್ಕೂ ಉತ್ತರ ಸಿದ್ಧವಿರಲಿ.

ಮಾತು ತಡವರಿಸುವುದು, ಹೊತ್ತು ದಿನದ ನೆನಪು ತಪ್ಪುವುದು, ಎದ್ದು ನಿಂತಾಗ ತಲೆ ತಿರುಗುವುದು, ನಾಲಿಗೆ ಒಣಗಿರುವುದು, ಇವು ವಯಸ್ಸಿನಿಂದಾದವು ಎಂದು ಬಿಟ್ಟುಬಿಡುವ ಅಭ್ಯಾಸವಿದೆ. ನಿನ್ನೆ ಸರಿಯಿದ್ದವರು ಇಂದು ಹೀಗಾದರೆ ಅದು ವಯಸ್ಸಲ್ಲ. ಫೋನಿನಲ್ಲಿ ಇದರ ಅರ್ಧ ಮಾತ್ರ ಕೇಳುತ್ತದೆ. ಸಿಡಿಲುಮಳೆಗೆ ವಿದ್ಯುತ್ತು ಹೋದ ದಿನ ಟವರೂ ಇಲ್ಲದೆ ಅದೂ ಕೇಳುವುದಿಲ್ಲ. ನಿನ್ನೆಯ ಮುಖವನ್ನು ನೋಡಿದವರಿಗೆ ಮಾತ್ರ ಇಂದಿನ ಮುಖದ ಭೇದ ತಿಳಿಯುತ್ತದೆ. ಮೈ ಸುಡುತ್ತಿದ್ದು, ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ನೀರು ಹಾಕಬಾರದು. ನೆರಳಿನಲ್ಲಿ ಮಲಗಿಸಿ, ಮೈತುಂಬ ತಣ್ಣೀರು ಸುರಿದು ಅಥವಾ ಒದ್ದೆಬಟ್ಟೆ ಹೊದಿಸಿ, ಬೀಸುತ್ತ ಇರಬೇಕು. ಒಬ್ಬರು 108ಕ್ಕೆ ಕರೆ ಮಾಡಬೇಕು. ವಾಹನ ಬರುವ ತನಕ ಕಾಯುವ ಕೆಲಸವಲ್ಲ ಇದು. ಘಟ್ಟದಡಿಯ ಗ್ರಾಮಗಳಿಗೆ ವಾಹನ ಬರಲು ಹೊತ್ತು ಹಿಡಿಯುತ್ತದೆ, ತಣ್ಣೀರು ಕೈಯಳತೆಯಲ್ಲೇ ಇದೆ. ಹಿರಿಯರ ಬೇರೆ ತೊಂದರೆಗಳಿಗೆ 14567 ಎಂಬ ಸಹಾಯವಾಣಿಯಿದೆ. ಈ ಎರಡು ಸಂಖ್ಯೆಗಳನ್ನೂ ಹತ್ತಿರದ ಜೀಪಿನವರ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆದು, ಅಜ್ಜಿ ಕನ್ನಡಕವಿಲ್ಲದೆ ಓದುವಷ್ಟು ಹತ್ತಿರ, ಫೋನಿಡುವ ಗೋಡೆಗೆ ಅಂಟಿಸಿ ಬನ್ನಿ.